ಸಾಹೇಬರ ಊಟ ಆದಮೇಲೆ

ನಮ್ಮ ಕಡೆ ಹಸಿದವರಿಗೆ ಕೆಟ್ಟ ಸುದ್ದಿ ಹೇಳುವುದಿಲ್ಲ. ಇದನ್ನು ಯಾರೂ ನನಗೆ ಕೂರಿಸಿಕೊಂಡು ಕಲಿಸಿದ್ದಲ್ಲ, ನೋಡುತ್ತಾ ಬೆಳೆದದ್ದು. ನನ್ನ ತವರು ಕರೋಶಿ. ಅಪ್ಪ ಹೊಲದಿಂದ ಬಂದರೆ ಮೊದಲು ಕೈಕಾಲಿಗೆ ನೀರು, ಆಮೇಲೆ ತಾಟು. ಎಮ್ಮೆ ದಿನ ತುಂಬುವ ಮುಂಚೆಯೇ ಕಂದು ಹಾಕಿರಲಿ, ಬೋರ್‌ವೆಲ್ಲಿನ ಮೋಟಾರು ಸುಟ್ಟಿರಲಿ, ಬಳಗದಲ್ಲಿ ಯಾರೋ ತೀರಿಕೊಂಡಿರಲಿ, ಅಪ್ಪ ಉಂಡು ಮುಗಿಸುವ ತನಕ ಅವ್ವ ಬಾಯಿ ಬಿಡುತ್ತಿರಲಿಲ್ಲ. ಬಾಯಿ ಬಿಡದಿದ್ದರೂ ಅಪ್ಪನಿಗೆ ಗೊತ್ತಾಗುತ್ತಿತ್ತು. ಕೇಳದೆಯೇ ಗಟ್ಟಿ ಮೊಸರು ತಾಟಿಗೆ ಬಿದ್ದರೆ ಏನೋ ಆಗಿದೆ ಎಂದೇ ಅರ್ಥ. ಅಂಥ ದಿನ ಅವನು ಅವಸರ ಮಾಡುತ್ತಿರಲಿಲ್ಲ. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡು, ಸಾವಕಾಶ ತಿಂದು, ಕೈತೊಳೆದು, "ಹೂಂ, ಈಗ ಹೇಳು" ಎನ್ನುತ್ತಿದ್ದ.

ನನಗೆ ಇದು ಈಗಲೂ ಒಳ್ಳೆಯ ಪದ್ಧತಿ ಎಂದೇ ಅನಿಸುತ್ತದೆ. ಇದೇ ಪದ್ಧತಿ ಒಮ್ಮೆ ನನ್ನ ನೌಕರಿಯ ಬುಡಕ್ಕೆ ಬಂದಿತ್ತು ಎನ್ನುವುದು ಬೇರೆ ಮಾತು.

ನಾನು ಕೆಲಸ ಮಾಡುತ್ತಿದ್ದುದು ಸದಲಗಾದಿಂದ ಬೇಡಕಿಹಾಳದ ಕಡೆ ಹೋಗುವಾಗ ಸಿಗುವ ಒಂದು ಹಾಲಿನ ಕೇಂದ್ರದಲ್ಲಿ. ಸುತ್ತಲಿನ ಹಳ್ಳಿಗಳಿಂದ ಹೊತ್ತಾರೆ ಮತ್ತು ಸಂಜೆ ಕ್ಯಾನುಗಳಲ್ಲಿ ಹಾಲು ಬರುತ್ತದೆ. ಅದನ್ನು ಪರೀಕ್ಷೆ ಮಾಡಿ, ತಣ್ಣಗೆ ಮಾಡಿ, ದೊಡ್ಡ ಟ್ಯಾಂಕಿನಲ್ಲಿ ಕೂಡಿಟ್ಟು, ಟ್ಯಾಂಕರಿಗೆ ತುಂಬಿ ಕಳಿಸುವುದು ನಮ್ಮ ಕೆಲಸ. ಕೇಳಿದರೆ ಸುಲಭ. ಆದರೆ ಹಾಲಿಗೆ ತಾಳ್ಮೆ ಎಂಬುದಿಲ್ಲ. ಸ್ವಲ್ಪ ಬಿಸಿ ಏರಿದರೆ ಹುಳಿಯಾಗಿ ಕೂತುಬಿಡುತ್ತದೆ, ಆಮೇಲೆ ಯಾವ ದೊಡ್ಡ ಮನುಷ್ಯ ಬಂದು ಮಾತಾಡಿದರೂ ತಿರುಗಿ ಹಾಲಾಗುವುದಿಲ್ಲ.

ಮದುವೆಯಾಗಿ ಸದಲಗಾಕ್ಕೆ ಬಂದವಳು ನಾನು. ಮೊದಲು ಹಾಲಿನ ಫ್ಯಾಟ್ ನೋಡುವ ಮೇಜಿನ ಮುಂದೆ ನಿಂತಿದ್ದೆ, ಬರುಬರುತ್ತ ಎರಡನೇ ಪಾಳಿಯ ಮುಖ್ಯಸ್ಥೆಯಾದೆ. ಮಧ್ಯಾಹ್ನ ಊಟದ ಹೊತ್ತಿಗೆ ಶುರುವಾಗಿ ರಾತ್ರಿ ಮುಗಿಯುವ ಪಾಳಿ ಅದು. ನಮ್ಮ ಕೇಂದ್ರದಲ್ಲಿ ಪಾಳಿ ನಡೆಸಿದ ಮೊದಲ ಹೆಂಗಸು ನಾನೇ. "ಇನ್ನ ಹಾಲಿಗೆ ಅರಿಶಿಣ ಕುಂಕುಮ ಹಚ್ಚಿ ಕಳಸೂದ ಬಾಕಿ" ಎಂದು ಕ್ಯಾನು ಇಳಿಸುವವರು ನಕ್ಕಿದ್ದು ನನ್ನ ಕಿವಿಗೂ ಬಿದ್ದಿತ್ತು. ನಗಲಿ ಬಿಡಿ ಎಂದುಕೊಂಡೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಕೇಂದ್ರದಲ್ಲೂ ಹೇಳುತ್ತಾರೆ. ಇರಬಹುದು. ಆದರೆ ಆ ನೌಕರಿ ಎಂದರೆ ನನಗೆ ಪ್ರಾಣವಾಗಿತ್ತು, ಆದ್ದರಿಂದ ಬಹಳಷ್ಟನ್ನು ನುಂಗಿಕೊಂಡಿದ್ದೇನೆ.

ಹಳೆಯ ಮ್ಯಾನೇಜರ್ ಸಾಹೇಬರು ನಿಪ್ಪಾಣಿಯವರು. ಅವರ ಬಾಯಿ ಹೊಲಸು. ಯಾರಾದರೂ ತಪ್ಪು ಮಾಡಿದರೆ ಮರಾಠಿಯಲ್ಲಿ ಶುರು ಮಾಡಿ, ಸಾಲದೆ ಬಂದರೆ ಕನ್ನಡಕ್ಕೆ ಹೊರಳುತ್ತಿದ್ದರು. ಕೆಲಸದ ವಾತಾವರಣ, ತಂಡ, ಪ್ರೋತ್ಸಾಹ ಇಂಥ ಮಾತು ಅವರ ಬಾಯಲ್ಲಿ ಒಮ್ಮೆಯೂ ಬಂದದ್ದಿಲ್ಲ. ಬೆಳಿಗ್ಗೆ ಬಂದವರೇ ಕುರ್ಚಿಯಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದರು. ರೊಟ್ಟಿ, ಝುಣಕ, ಹಸಿಮೆಣಸಿನಕಾಯಿ ಖರ್ಡಾ. ಅದನ್ನು ತಿಂದು, ನೀರು ಕುಡಿದು, ಹೊರಗೆ ಕೇಳುವಂತೆ ಒಂದು ತೇಗು ಬಿಟ್ಟು, "ಹಾಂ, ಬರ್ರಿ, ಏನೇನ್ ಹಾಳಗೆಡವೀರಿ ಹೇಳ್ರಿ" ಎಂದು ಕೂಗುತ್ತಿದ್ದರು. ಬಾಗಿಲ ಹೊರಗೆ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋಗಿ, ಬೈಸಿಕೊಂಡು, ಸಮಾಧಾನವಾಗಿ ಹೊರಗೆ ಬರುತ್ತಿದ್ದರು. ಸುದ್ದಿ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿತ್ತು. ಅದು ಹೇಗೆ ಮುಟ್ಟುತ್ತಿತ್ತು ಎಂದು ನಾವು ಯಾರೂ ತಲೆ ಕೆಡಿಸಿಕೊಂಡವರಲ್ಲ.

ಅವರು ನಿವೃತ್ತರಾದ ಮೇಲೆ ಬಂದ ಹೊಸ ಮ್ಯಾನೇಜರ್ ಮಂಡ್ಯದ ಕಡೆಯವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅಂಥ ಸಭ್ಯ ಮನುಷ್ಯನನ್ನು ನಾನು ಆ ಕೇಂದ್ರದಲ್ಲಿ ಕಂಡಿರಲಿಲ್ಲ. ಬಂದ ವಾರದಲ್ಲೇ ಹೆಂಗಸರ ಶೌಚಾಲಯಕ್ಕೆ ಹೊಸ ಬಾಗಿಲು, ಒಳಗಿನಿಂದ ಚಿಲಕ. ಅದಕ್ಕಾಗಿ ನಾವು ಎಷ್ಟು ಕಾಲದಿಂದ ಬೇಡಿಕೊಂಡಿದ್ದೆವೋ ದೇವರಿಗೆ ಗೊತ್ತು. ಕ್ಯಾನು ತೊಳೆಯುವವರಿಗೆ ಗಮ್‌ಬೂಟು ಬಂತು. ದಿನಾ ಬೆಳಿಗ್ಗೆ ಎಂಟಕ್ಕೆ ಮೊದಲ ಪಾಳಿಯವರ ಸಭೆ ಶುರುವಾಯಿತು, ಅದೂ ಕುರ್ಚಿಗಳನ್ನು ಸುತ್ತಲೂ ಹಾಕಿಸಿ, ತಾವೂ ಅವರ ನಡುವೆಯೇ ಕೂತು. ಮೊದಲ ದಿನ ಎಲ್ಲ ಪಾಳಿಯವರನ್ನೂ ಕರೆಸಿದ್ದರು.

"ಇಲ್ಲಿ ಯಾರೂ ಯಾರಿಗೂ ಹೆದರೋ ಅಗತ್ಯ ಇಲ್ಲ. ಏನೇ ಕೆಟ್ಟಿದ್ರೂ ನನಗೆ ಮೊದಲು ಹೇಳಿ. ಹೇಳಿದವರನ್ನ ನಾನು ಯಾವತ್ತೂ ಬೈಯಲ್ಲ" ಎಂದರು.

ಬೈಯಲೂ ಇಲ್ಲ. ಆ ಮಾತಿಗೆ ಅವರು ಎಂದೂ ತಪ್ಪಲಿಲ್ಲ, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಒಂದೇ ಒಂದು ವಿಷಯ. ಅವರು ಬೆಳಿಗ್ಗೆ ಏನೂ ತಿನ್ನುತ್ತಿರಲಿಲ್ಲ. ಮೈ ಇಳಿಸಲು ಫೋನಿನಲ್ಲಿ ಏನೋ ನೋಡಿ ಹಿಡಿದ ಪಥ್ಯ. ರಾತ್ರಿ ಉಂಡರೆ ಮರುದಿನ ಮಧ್ಯಾಹ್ನದ ತನಕ ಬಿಸಿನೀರು ಬಿಟ್ಟು ಏನಿಲ್ಲ, ನಾಷ್ಟಾ ಇಲ್ಲ, ಚಹಾ ಕೂಡ ಇಲ್ಲ. ನಮ್ಮ ಕಡೆ ಚಹಾ ಬೇಡ ಎನ್ನುವವನನ್ನು ಜನ ಸ್ವಲ್ಪ ಸಂಶಯದಿಂದಲೇ ನೋಡುತ್ತಾರೆ. ಅವರದು ಏನೋ ವ್ರತ ಎಂದರು ಕೆಲವರು, ಹೊಟ್ಟೆಯಲ್ಲಿ ಹುಣ್ಣು ಎಂದರು ಕೆಲವರು. ಹೆಂಡತಿಯನ್ನು ಊರಲ್ಲೇ ಬಿಟ್ಟು ಬಂದದ್ದರಿಂದ ಹೀಗೆ ಉಪವಾಸ ಬಿದ್ದಿದ್ದಾರೆ ಎಂದು ಕನಿಕರಪಟ್ಟವರೂ ಇದ್ದರು.

ಬೆಳಗಿನ ಸಭೆಯಲ್ಲಿ ಅವರು ದಿನಾ ಕೇಳುತ್ತಿದ್ದರಂತೆ, "ಎಲ್ಲಾ ಸರಿಯಾಗಿದೆಯಾ?"

ಮೊದಲ ಪಾಳಿಯ ಮುಖ್ಯಸ್ಥ ದಿನಾ ಹೇಳುತ್ತಿದ್ದ, "ಎಲ್ಲಾ ಬರೋಬರ ಐತ್ರಿ ಸರ್."

ಉಳಿದವರು ತಲೆಯಾಡಿಸುತ್ತಿದ್ದರು. ಸಾಹೇಬರಿಗೆ ಖುಷಿ.

ಮಧ್ಯಾಹ್ನ ಒಂದರ ಸುಮಾರಿಗೆ ಅವರು ಡಬ್ಬಿ ಬಿಚ್ಚುತ್ತಿದ್ದರು. ಅವರು ಉಂಡು ಮುಗಿಸುವುದಕ್ಕೂ ನಾನು ಪಾಳಿಗೆ ಬಂದು ಸ್ಕೂಟಿ ನಿಲ್ಲಿಸುವುದಕ್ಕೂ ಸರಿಹೋಗುತ್ತಿತ್ತು. ಗೇಟಿನ ಹತ್ತಿರ ಮೊದಲ ಪಾಳಿಯವರು ಯಾರಾದರೂ ನಿಂತೇ ಇರುತ್ತಿದ್ದರು.

"ಬಂದ್ರಿ ಅಕ್ಕಾರ? ಸಾಹೇಬ್ರದು ಊಟ ಆಗೈತಿ. ಹೆಂಗೂ ಒಳಗ ಹೊಂಟೀರಿ, ಒಂದ್ ಮಾತ್ ಕಿವಿಗೆ ಹಾಕಿಬಿಡ್ರಿ. ಮುಂಜಾನೆ ಒಂದ್ ಊರಿನ ಹಾಲು ಪೂರಾ ಹುಳಿ ಬಂದಿತ್ತು."

ಒಂದು ದಿನ ಹುಳಿ ಹಾಲು, ಒಂದು ದಿನ ಕ್ಯಾನಿನ ಗಾಡಿ ದಾರಿಯಲ್ಲಿ ಕೆಟ್ಟು ನಿಂತದ್ದು, ಒಂದು ದಿನ ಜನರೇಟರಿನ ಡೀಸೆಲ್ ಮುಗಿದದ್ದು. ಎಲ್ಲ ಬೆಳಿಗ್ಗೆಯೇ ಆದದ್ದು. ಬೆಳಿಗ್ಗೆ ಹೇಳಿದ್ದರೆ ಬೆಳಿಗ್ಗೆಯೇ ಮುಗಿಯುತ್ತಿತ್ತು. ನಾನು ಗೇಟಿನಲ್ಲೇ ಬೈಯುತ್ತಿದ್ದೆ, ಆದರೆ ಬೈದು ನಿಂತುಕೊಂಡರೆ ಹಾಲು ಕೇಳಬೇಕಲ್ಲ. ಚೀಲ ಸಹ ಇಳಿಸದೆ ಸಾಹೇಬರ ಬಾಗಿಲಿಗೆ ಹೋಗುತ್ತಿದ್ದೆ. "ಸರ್, ಹಿಂಗಾಗೈತಿ." ಅವರು ಡಬ್ಬಿಯ ಮುಚ್ಚಳ ಹಾಕುತ್ತಾ ತಲೆ ಎತ್ತುತ್ತಿದ್ದರು. ಮೊದಮೊದಲು "ಥ್ಯಾಂಕ್ಸ್ ಮೇಡಂ" ಎನ್ನುತ್ತಿದ್ದರು. ಆಮೇಲಾಮೇಲೆ ನನ್ನನ್ನು ಕಂಡರೆ ಅವರ ಮುಖ ಸಣ್ಣದಾಗತೊಡಗಿತು.

ಗಂಡಸರು ಹೇಡಿಗಳು ಎಂದಷ್ಟೇ ನಾನು ತಿಳಿದುಕೊಂಡಿದ್ದೆ. ಹೊಸ ಸಾಹೇಬರು ಬೈಯುವುದಿಲ್ಲ ಎನ್ನುವುದು ಇವರ ತಲೆಗೆ ಹೋಗಲು ಇನ್ನಷ್ಟು ಕಾಲ ಬೇಕೇನೋ ಎಂದುಕೊಂಡು ಸುಮ್ಮನಿದ್ದೆ. ಎರಡು ವರ್ಷ ಹೀಗೇ ನಡೆಯಿತು.

ಒಂದು ದಿನ ಟ್ಯಾಂಕಿನ ಹಾಲೇ ಕೆಟ್ಟಿತು. ನಸುಕಿನಲ್ಲಿ ತಂಪು ಮಾಡುವ ಯಂತ್ರ ನಿಂತಿತ್ತು, ಅದರ ಉಸ್ತುವಾರಿಯವರು ಹೇಗೋ ಮಾಡಿ ಶುರು ಮಾಡಿದ್ದರು, ಮತ್ತೆ ನಿಂತಿತ್ತು. ಸಭೆಯಲ್ಲಿ ಎಲ್ಲಾ ಬರೋಬರ. ಮಧ್ಯಾಹ್ನ ನಾನು ಬಂದು ಟ್ಯಾಂಕಿನ ಮುಚ್ಚಳ ತೆಗೆದರೆ ಮೂಗಿಗೇ ಬಡಿಯಿತು. ಓಡಿಹೋಗಿ ಹೇಳಿದೆ. ಅಷ್ಟು ಊರುಗಳ ಜನ ನಸುಕಿನಲ್ಲಿ ಎದ್ದು ಕರೆದ ಹಾಲನ್ನು ಮೋರಿಗೆ ಬಿಟ್ಟೆವು. ನೋಡಲಾಗಲಿಲ್ಲ ನನಗೆ. ಸಾಹೇಬರು ಮೋರಿಯ ಪಕ್ಕದಲ್ಲಿ ನಿಂತು, ಮುಖ ಗಂಟು ಹಾಕಿಕೊಂಡು ನನ್ನ ಕಡೆಯೇ ನೋಡುತ್ತಿದ್ದರು.

ಕೆಲವು ದಿನಗಳ ಮೇಲೆ ನಾನು ಪಾಳಿಗೆ ಬಂದ ಕೂಡಲೇ ಕರೆದು ಕೂರಲು ಹೇಳಿದರು. ನನ್ನದು ಅವತ್ತು ಊಟ ಕೂಡ ಆಗಿರಲಿಲ್ಲ, ಡಬ್ಬಿ ಚೀಲದಲ್ಲೇ ಇತ್ತು.

"ಮೇಡಂ, ಬೇಜಾರು ಮಾಡ್ಕೋಬೇಡಿ. ನಾನು ತುಂಬಾ ದಿನದಿಂದ ಗಮನಿಸ್ತಾ ಇದ್ದೀನಿ. ಬೆಳಿಗ್ಗೆ ಪೂರ್ತಿ ಎಲ್ಲಾ ಸರಿಯಾಗಿರುತ್ತೆ. ನಿಮ್ಮ ಪಾಳಿ ಶುರುವಾಗುತ್ತೆ, ತೊಂದರೆ ಶುರುವಾಗುತ್ತೆ. ನೀವು ಕಷ್ಟಪಡ್ತೀರಿ, ಅದು ಗೊತ್ತು. ಆದರೆ ಎಲ್ಲರಿಗೂ ತಂಡ ನಡೆಸೋಕೆ ಆಗಲ್ಲ. ಕಾಗವಾಡದ ಕಡೆ ನಮ್ಮ ಚಿಕ್ಕ ಕೇಂದ್ರ ಇದೆಯಲ್ಲ, ಅಲ್ಲಿ ಮತ್ತೆ ಪರೀಕ್ಷೆ ಕೆಲಸಕ್ಕೆ ನಿಮ್ಮನ್ನ ಹಾಕೋಣ ಅಂತ ಚಿಕ್ಕೋಡಿ ಆಫೀಸಿಗೆ ಹೇಳಿದ್ದೀನಿ. ಮುಂದಿನ ತಿಂಗಳಿಂದ."

ಅಷ್ಟು ದೂರದಿಂದ ಪಾಳಿ ಮುಗಿಸಿ ರಾತ್ರಿ ಸದಲಗಾಕ್ಕೆ ಮರಳುವುದು ಆಗದ ಮಾತು. ಮನೆಯಲ್ಲಿ ಹತ್ತನೇ ಇಯತ್ತೆ ಓದುತ್ತಿದ್ದ ಮಗಳು, ಹೊಲ, ಎಮ್ಮೆ, ಗಂಡ. ಅಲ್ಲಿಗೆ ಹಾಕುವುದು ಎಂದರೆ ಬಿಟ್ಟು ಹೋಗು ಎಂದಂತೆಯೇ. ಅದು ಅವರಿಗೆ ತಿಳಿದಿರಲಿಲ್ಲ, ಅಥವಾ ತಿಳಿದೂ ಬೇರೆ ದಾರಿ ಕಂಡಿರಲಿಲ್ಲ.

"ಸರ್, ಅವೆಲ್ಲಾ ಮುಂಜಾನೆ ಪಾಳ್ಯಾಗ ಆದದ್ದು. ನಾ ಬರೇ ಬಂದು ಹೇಳ್ತೀನ್ರಿ" ಎಂದೆ.

ಅವರು ಮೊದಲ ಪಾಳಿಯ ಮುಖ್ಯಸ್ಥನನ್ನು ಕರೆಸಿ ಎದುರಿನಲ್ಲೇ ಕೇಳಿದರು. ಅವನು ನನ್ನನ್ನು "ಅಕ್ಕಾರ, ಅಕ್ಕಾರ" ಎನ್ನುತ್ತಿದ್ದವನೇ, ನಮ್ಮ ಕರೋಶಿಯವನೇ. ನೆಲ ನೋಡಿದ.

"ಆವಾಗ ಅಷ್ಟೇನ್ ಇರಲಿಲ್ರಿ ಸರ್."

ಅವನ ಕಷ್ಟವೂ ಗೊತ್ತಾಗುವಂಥದ್ದೇ. ಬೆಳಿಗ್ಗೆ ಬರೋಬರ ಎಂದವನು ಮಧ್ಯಾಹ್ನ ಬರೋಬರ ಇರಲಿಲ್ಲ ಎಂದರೆ ದಿನಾ ಸುಳ್ಳು ಹೇಳಿದ್ದೇನೆ ಎಂದು ಒಪ್ಪಿಕೊಂಡಂತೆ. ಗೊತ್ತಾಗುತ್ತದೆ ಎಂದು ಸಿಟ್ಟು ಬಾರದೆ ಇರುತ್ತದೆಯೇ? ಅವನ ಕಪಾಳಕ್ಕೆ ಬಾರಿಸಬೇಕು ಅನಿಸಿತ್ತು. ಎದ್ದು ಬಂದು ಕೆಲಸಕ್ಕೆ ನಿಂತೆ. ಅವತ್ತು ಡಬ್ಬಿ ಬಿಚ್ಚದೆ ಮನೆಗೆ ಒಯ್ದೆ.

ಇಡೀ ಕೇಂದ್ರಕ್ಕೆ ಸುದ್ದಿ ಗೊತ್ತಾಯಿತು. ಎಲ್ಲರೂ ನನ್ನ ಹತ್ತಿರ ಬಂದು ಅಯ್ಯೋ ಪಾಪ ಎಂದರು. ಸಾಹೇಬರ ಹತ್ತಿರ ಹೋಗಿ ಒಂದು ಮಾತು ಹೇಳಿದವರು ಯಾರೂ ಇಲ್ಲ.

ಆ ತಿಂಗಳಲ್ಲೇ ಸಾಹೇಬರ ತಾಯಿ ಮಗನನ್ನು ನೋಡಲು ಬಂದರು. ಎರಡು ದಿನ ಇದ್ದರೇನೋ. ಮಗ ಸೊರಗಿದ್ದಾನೆ ಎಂದು ಕಂಡು, ಪಥ್ಯ ಗಿಥ್ಯ ಎಲ್ಲ ಪಕ್ಕಕ್ಕಿಟ್ಟು, ಬೆಳಿಗ್ಗೆ ರಾಗಿ ರೊಟ್ಟಿ ತಟ್ಟಿ, ತಾವೇ ಆಟೋದಲ್ಲಿ ಕೇಂದ್ರಕ್ಕೆ ತಂದು, ಮೇಜಿನ ಮೇಲಿಟ್ಟು, ತಿನ್ನುವ ತನಕ ಎದುರು ನಿಂತರಂತೆ. ಸಭೆಗೆ ಬಂದವರೆಲ್ಲ ಬಾಗಿಲಲ್ಲಿ ನಿಂತು ನೋಡಿದರಂತೆ. ಇದನ್ನೆಲ್ಲ ನನಗೆ ಹೇಳಿದವರು ಚಾಚಾ.

ಚಾಚಾ ಎಂದರೆ ತಂಪು ಯಂತ್ರಗಳ ಕೋಣೆಯ ಉಸ್ತುವಾರಿಯವರು. ಬೇಡಕಿಹಾಳದವರು, ಕೇಂದ್ರ ಶುರುವಾದಾಗಿನಿಂದ ಇದ್ದವರು, ಎಲ್ಲರಿಗೂ ಚಾಚಾ. ಮೊದಲ ಪಾಳಿ ಮುಗಿದರೂ ಮನೆಗೆ ಹೋಗಲು ಅವಸರ ಮಾಡದೆ, ಯಂತ್ರದ ಸಪ್ಪಳ ಕೇಳುತ್ತ ಸಂಜೆಯ ತನಕ ಕೂತಿರುವುದು ಅವರ ರೂಢಿ. ಆ ಸಂಜೆ ಹುಮ್ಮಸ್ಸಿನಲ್ಲಿದ್ದರು.

"ಇವತ್ತ ಬೇಷ್ ಆತು ಬೇಟಾ. ಸಾಹೇಬ್ರು ಹೊಟ್ಟಿ ತುಂಬ ನಾಷ್ಟಾ ಮಾಡಿದ್ರು. ಎಂಟು ಗಂಟೇಕ್ಕನ ನಾವು ಎಲ್ಲಾ ಹೇಳಿ ಮುಗಿಸಿದ್ವಿ. ಟ್ಯಾಂಕಿನ ನಳ ಸೋರತಿತ್ತು, ಅದನ್ನ ಹೇಳಿದ್ವಿ. ಒಬ್ಬ ಡ್ರೈವರ್ ಬಂದಿರಲಿಲ್ಲ, ಅದನ್ನೂ ಹೇಳಿದ್ವಿ. ಪಾಪ, ಅವ್ರು ಗಾಬರಿ ಆದ್ರು. ಇವತ್ತೇನು ಬೆಳಗಿನ ಪಾಳೀನೂ ಕೆಟ್ಹೋಯ್ತಲ್ಲ ಅಂದ್ರು."

ಅವರು ನಗುತ್ತಿದ್ದರು. ನಾನು ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟೆ.

"ಚಾಚಾ, ಅವ್ರು ನಾಷ್ಟಾ ಮಾಡಲಿಲ್ಲಂದ್ರ?"

"ಮಾಡಲಿಲ್ಲಂದ್ರ ಹ್ಯಾಂಗ ಹೇಳೂದು? ಖಾಲಿ ಹೊಟ್ಟ್ಯಾಗ ಇರ್ತಾರ. ಅಂಥಾವ್ರ ಮುಂದ ಹಾಲ ಕೆಟ್ಟೈತಿ, ಮಷಿನ್ ನಿಂತೈತಿ ಅಂತ ಯಾವ ಬಾಯಿಲೆ ಹೇಳೂದು?"

ಎರಡು ವರ್ಷ ಎದುರಿಗಿದ್ದದ್ದು ಆಗ ಕಣ್ಣಿಗೆ ಬಿತ್ತು. ಹೇಡಿತನ ಅಲ್ಲವೇ ಅಲ್ಲ ಇದು, ಅಥವಾ ಬರೀ ಹೇಡಿತನ ಅಲ್ಲ. ನಮ್ಮ ಅವ್ವ ಅಪ್ಪನಿಗೆ ಮಾಡುತ್ತಿದ್ದುದನ್ನೇ ಇವರು ಸಾಹೇಬರಿಗೆ ಮಾಡುತ್ತಿದ್ದರು. ಆ ಮನುಷ್ಯ ಮಧ್ಯಾಹ್ನದ ತನಕ ಹಸಿದಿರುತ್ತಾನೆ, ಆದ್ದರಿಂದ ಮಧ್ಯಾಹ್ನದ ತನಕ ಅವನ ಕೇಂದ್ರದಲ್ಲಿ ಏನೂ ಕೆಡುವುದಿಲ್ಲ. ಉಂಡು ಕೈತೊಳೆಯುವ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತಿರುತ್ತೇನೆ. ಅವನಾದರೂ ಬೇರೆ ಏನು ತಿಳಿದುಕೊಂಡಾನು? ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿಟ್ಟೇ ಬಂತು.

"ರೋಜಾದಾಗ ನೀವೂ ಉಪಾಸ ಇರ್ತೀರಲ್ಲ ಚಾಚಾ. ಆವಾಗ ಮಷಿನ್ ಬಂದ್ ಬಿದ್ರ ನಿಮಗ ಹೇಳೂದಿಲ್ಲೇನು ನಾವು? ಓಡಿ ಬಾ ಚಾಚಾ ಅಂತೀವಿ. ನೀವು ನೀರು ಸಹಿತ ಕುಡದಿರಂಗಿಲ್ಲ."

"ಅಯ್ಯ, ನಾ ಏನ್ ಸಾಹೇಬ ಏನು?"

"ಅಂದ್ರ ಇದು ಹೊಟ್ಟೀ ಮಾತಲ್ಲ. ಕುರ್ಚೀ ಮಾತು."

ಅವರ ನಗು ನಿಂತಿತು. ನಾನು ಬಿಡಲಿಲ್ಲ. ಸಾಹೇಬರ ಹೊಟ್ಟೆಯ ಚಿಂತೆಯಲ್ಲಿ ನನ್ನ ನೌಕರಿ ಹೊರಟಿತು ಎಂದೆ. ಕಾಗವಾಡಕ್ಕೆ ಹೋಗಲು ನನಗೆ ಆಗುವುದಿಲ್ಲ, ಮುಂದಿನ ತಿಂಗಳಿಂದ ನಾನು ಮನೆಯಲ್ಲಿ ಕೂರುವವಳು ಎಂದೆ. ಚಾಚಾ ಚಿಂದಿ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ ಒಳಗೆ ಹೋದರು. ಅವರ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ ಅಷ್ಟೇ ಕನಿಕರವೂ ಆಯಿತು.

ತಾಯಿ ಊರಿಗೆ ಮರಳಿದರು, ಸಾಹೇಬರು ಪಥ್ಯಕ್ಕೆ ಮರಳಿದರು, ಬೆಳಗಿನ ಪಾಳಿ ಮತ್ತೆ ಬರೋಬರವಾಯಿತು.

ನಾನು ಒಂದು ಬೆಳಿಗ್ಗೆ ನನ್ನ ಪಾಳಿಯಲ್ಲದ ಹೊತ್ತಿಗೆ ಹೊರಟೆ. ಹೊರಡುವ ಮುಂಚೆ ಎರಡು ರೊಟ್ಟಿ ಮೊಸರಿನ ಜೊತೆ ಗಟ್ಟಿಯಾಗಿ ತಿಂದೆ. ಇಬ್ಬರೂ ಹಸಿದು ಕೂತರೆ ಮಾತು ಕೆಡುತ್ತದೆ ಎನ್ನುವುದು ನನಗೂ ಗೊತ್ತು. ಕೇಂದ್ರಕ್ಕೆ ಬಂದವಳು ನೇರ ಟ್ಯಾಂಕಿನ ಹತ್ತಿರ ಹೋದೆ. ಯಂತ್ರದ ಸಪ್ಪಳ ಎಂದಿನಂತಿರಲಿಲ್ಲ. ತಣ್ಣೀರು ಸುತ್ತಿಸುವ ಪಂಪು ನಿಂತಿತ್ತು. ಚಾಚಾ ಅದರ ಮುಂದೆ ಮಂಡಿಯೂರಿ ಬೆವರುತ್ತಿದ್ದರು. ಟ್ಯಾಂಕಿನ ಬಿಸಿ ತೋರಿಸುವ ಮುಳ್ಳು ನಿಧಾನಕ್ಕೆ ಏರುತ್ತಿತ್ತು.

"ಸಾಹೇಬ್ರಿಗೆ ಹೇಳೀರೇನು?"

"ನೋಡಾಕತ್ತೀನಿ ಬೇಟಾ. ಆದೀತು."

ಅಷ್ಟರಲ್ಲಿ ಸಭೆಗೆ ಕರೆ ಬಂತು. ಚಾಚಾ ಕೈ ಒರೆಸಿಕೊಂಡು ಹೋಗಿ ಕೂತರು. ಹಿಂದೆಯೇ ನಾನೂ ಹೋಗಿ ಒಂದು ಕುರ್ಚಿ ಎಳೆದುಕೊಂಡೆ. ಸಾಹೇಬರು ಅಚ್ಚರಿಯಿಂದ ನೋಡಿದರು. ಮೇಜಿನ ಮೇಲೆ ಬಿಸಿನೀರಿನ ಲೋಟ.

"ಎಲ್ಲಾ ಸರಿಯಾಗಿದೆಯಾ?"

"ಎಲ್ಲಾ ಬರೋಬರ ಐ…"

"ಇಲ್ರಿ" ಎಂದೆ ನಾನು. "ತಣ್ಣೀರಿನ ಪಂಪ್ ನಿಂತೈತಿ. ಟ್ಯಾಂಕ್ ಕಾಯಾಕತ್ತೈತಿ. ಈಗ ಏನರ ಮಾಡಿದ್ರ ಹಾಲು ಉಳೀತೈತಿ. ನಿಮ್ಮ ಊಟ ಆಗೂತನಕ ಕಾದ್ರ ಉಳಿಯಂಗಿಲ್ಲ."

ಯಾರೋ ಬಿಸ್ಕೀಟಿನ ಪುಡಿಕೆಯನ್ನು ಸಾಹೇಬರ ಕಡೆ ಸರಿಸಿದರು. "ಎರಡರ ತಿನ್ರಿ ಸರ್, ಆಮ್ಯಾಗ…" ಆ ಅವಸ್ಥೆಯಲ್ಲೂ ನನಗೆ ನಗು ಬಂತು. ನಾನು ಪುಡಿಕೆಯನ್ನು ತೆಗೆದು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

"ಇದು ನಿಜವಾ?" ಸಾಹೇಬರು ಮೊದಲ ಪಾಳಿಯ ಮುಖ್ಯಸ್ಥನನ್ನು ಕೇಳಿದರು.

ಅವನು ನೆಲ ನೋಡಿದ. ಉಳಿದವರೂ ನೆಲ ನೋಡಿದರು. ಸಾಹೇಬರು ನನ್ನ ಕಡೆ ತಿರುಗಿದರು, ಅದೇ ಮೋರಿಯ ಹತ್ತಿರದ ಮುಖ. ಈಕೆ ಹೋಗುವ ಮುಂಚೆ ಸೇಡು ತೀರಿಸಿಕೊಳ್ಳಲು ಬಂದಿದ್ದಾಳೆ ಎಂದುಕೊಂಡರೇನೋ. ನನ್ನದು ಮುಗಿಯಿತು ಎಂದೇ ನನಗೆ ಅನಿಸಿತು.

ಚಾಚಾ ಎದ್ದು ನಿಂತರು. ಸಭೆಯಲ್ಲಿ ಯಾರೂ ಎದ್ದು ನಿಲ್ಲುವುದು ಬೇಡ ಎಂದು ಸಾಹೇಬರದೇ ನಿಯಮವಿತ್ತು. ಆದರೂ ನಿಂತರು.

"ಪಂಪ್ ನಿಂತದ್ದು ಖರೇ ಐತ್ರಿ. ನಸುಕಿನ್ಯಾಗ ನಿಂತೈತಿ. ಅದು ನನ್ನ ಕೆಲಸ, ನಾ ಹೇಳಬೇಕಿತ್ತು. ಹ್ವಾದ ಸಲ ಟ್ಯಾಂಕ್ ಕೆಟ್ಟಾಗೂ ನಸುಕಿನ್ಯಾಗ ಮಷಿನ್ ನಿಂತಿತ್ತು, ಆವಾಗೂ ನಾ ಹೇಳಲಿಲ್ಲ. ಹುಳಿ ಹಾಲು, ಗಾಡಿ, ಡೀಸೆಲ್, ಎಲ್ಲಾ ನಮ್ಮ ಪಾಳೀದ್ದ ರೀ. ನೀವು ಉಂಡಿರಂಗಿಲ್ಲ ಅಂತ ಹೇಳತಿರಲಿಲ್ಲ." ನನ್ನ ಕಡೆ ಕೈ ಮಾಡಿದರು. "ನಿಮ್ಮ ಊಟ ನೋಡಿದ್ವಿರಿ ಸಾಹೇಬ್ರ. ಈ ಹೆಣ್ಮಗಳ ಅನ್ನ ಹೊಂಟದ್ದು ನೋಡಲಿಲ್ಲ."

ಆಮೇಲೆ ಮೊದಲ ಪಾಳಿಯ ಮುಖ್ಯಸ್ಥ ತಲೆ ಎತ್ತದೆಯೇ, "ಹೌದ್ರಿ" ಎಂದ. ಅವನ ಪಕ್ಕದವನೂ ಹೌದೆಂದ.

ಸಾಹೇಬರು ಮೊದಲು ಮಾಡಿದ್ದು ಹಾಲಿನ ಕೆಲಸ. ನಿಪ್ಪಾಣಿ ಕಡೆಯ ಕೇಂದ್ರಕ್ಕೆ ಫೋನು ಹಚ್ಚಿ ದಾರಿಯಲ್ಲಿದ್ದ ಕ್ಯಾನಿನ ಗಾಡಿಗಳನ್ನು ಅಲ್ಲಿಗೆ ತಿರುಗಿಸಿದರು, ಮಧ್ಯಾಹ್ನದ ಟ್ಯಾಂಕರನ್ನು ಆಗಲೇ ಕರೆಸಿದರು. ಅದು ಬಂದು ತುಂಬಿಕೊಂಡು ಹೋಗುವ ತನಕ ಎಲ್ಲರೂ ಓಡಾಡಿದೆವು. ಹಾಲು ಉಳಿಯಿತು. ಆಮೇಲೆ ಅವರು ಅದೇ ಕುರ್ಚಿಗೆ ಬಂದು ಕೂತು, ನಾನು ಹಸಿದವರಿಗೆ ಸುದ್ದಿ ಹೇಳದ ನಮ್ಮ ರೂಢಿಯನ್ನೂ ನನ್ನ ಅಪ್ಪನ ಗಟ್ಟಿ ಮೊಸರನ್ನೂ ಹೇಳುವುದನ್ನು ಪೂರ್ತಿ ಕೇಳಿದರು.

"ನಾನು ದಿನಾ ಕೇಳ್ತಿದ್ದೆ" ಎಂದರು. "ದಿನಾ ಕೇಳ್ತಿದ್ದೆನಲ್ಲ ಮೇಡಂ." ಆ ದನಿ ಕೇಳಿ ನನಗೆ ಬೇಸರವೇ ಆಯಿತು. ಕೇಂದ್ರವನ್ನು ಇಷ್ಟೆಲ್ಲ ಚಂದ ಮಾಡಿ ಕಟ್ಟಿದ್ದ ಮನುಷ್ಯ.

ನಮ್ಮ ಎದುರಿನಲ್ಲೇ ಚಿಕ್ಕೋಡಿ ಆಫೀಸಿಗೆ ಫೋನು ಮಾಡಿದರು. ತಪ್ಪು ತಿಳಿದುಕೊಂಡಿದ್ದೆ, ವರ್ಗ ಬೇಡ, ಈಕೆ ಇಲ್ಲೇ ಇರಬೇಕು ಎಂದರು. ಆ ಕಡೆಯವರು ಏನೋ ರೇಗಿದರು, ಇವರು ಹೌದು ಸರ್, ನನ್ನದೇ ತಪ್ಪು ಸರ್ ಎಂದು ಕೇಳಿಸಿಕೊಂಡರು. ಬಾಗಿಲು ಹಾಕಿಕೊಂಡು ಮಾತಾಡಬಹುದಿತ್ತು, ಹಾಕಿಕೊಳ್ಳಲಿಲ್ಲ.

ಪಥ್ಯ ಬಿಡಲು ಮಾತ್ರ ಅವರು ಒಪ್ಪಲಿಲ್ಲ. ನನ್ನ ಹೊಟ್ಟೆ ಚಿಂತೆ ನೀವು ಬಿಡಿ ಎಂದರೆ ಚಾಚಾ ಒಪ್ಪಲಿಲ್ಲ. ಕಡೆಗೆ ಸಕ್ಕರೆ ಹಾಲು ಎರಡೂ ಇಲ್ಲದ ಕರಿ ಚಹಾ ಅವರ ಪಥ್ಯಕ್ಕೆ ನಡೆಯುತ್ತದೆ ಎಂದು ತಿಳಿಯಿತು. ಅಂಥದ್ದನ್ನು ಚಹಾ ಎನ್ನಬಹುದೇ ಎಂದು ಕ್ಯಾನು ತೊಳೆಯುವಲ್ಲಿ ಬಹಳ ಹೊತ್ತು ಚರ್ಚೆಯಾಗಿ, ಬಿಸಿ ಇದ್ದು ಚಹಾಪುಡಿ ಬಿದ್ದಿದ್ದರೆ ಸಾಕು, ನಾಷ್ಟಾ ಆದಂತೆಯೇ ಎಂದು ಚಾಚಾ ತೀರ್ಪು ಕೊಟ್ಟರು. ಹಾಲಿನ ಕೇಂದ್ರದಲ್ಲಿ ಕೂತು ಹಾಲಿಲ್ಲದ ಚಹಾ ಕುಡಿಯುವುದನ್ನು ನೋಡಲು ಮೊದಲ ದಿನ ಜನ ಕೂಡಿತ್ತಂತೆ. ಎಲ್ಲಾ ಸರಿಯಾಗಿದೆಯಾ ಎಂದು ಕೇಳುವುದನ್ನೂ ಅವರು ಬಿಟ್ಟರು. ಲೋಟ ಕೆಳಗಿಟ್ಟು, "ಏನು ಕೆಟ್ಟಿದೆ?" ಎಂದು ಕೇಳತೊಡಗಿದರು.

ನನ್ನ ಸಿಟ್ಟು ಅಷ್ಟು ಬೇಗ ಇಳಿಯಲಿಲ್ಲ. ಸಾಹೇಬರಿಗೆ ಗೊತ್ತಿರಲಿಲ್ಲ, ಉಳಿದವರಿಗೆ ಗೊತ್ತಿತ್ತಲ್ಲ. ಬಹಳ ದಿನ ಆ ಪಾಳಿಯವರ ಜೊತೆ ಕೂತು ಚಹಾ ಕುಡಿಯಲಿಲ್ಲ ನಾನು. ಅವರೂ ಒತ್ತಾಯ ಮಾಡಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಪಾಳಿಗೆ ಬಂದು ಸ್ಕೂಟಿ ನಿಲ್ಲಿಸಿದೆ. ಗೇಟಿನಲ್ಲಿ ಯಾರೂ ಇರಲಿಲ್ಲ. ಒಳಗೆ ಮೊದಲ ಪಾಳಿಯ ಮುಖ್ಯಸ್ಥ ಕೈಕಾಲು ತೊಳೆದುಕೊಂಡು ಹೊರಟಿದ್ದ.

"ಮುಂಜಾನೆ ಒಂದ್ ಗಾಡಿ ತಡಾ ಆಗಿತ್ರಿ ಅಕ್ಕಾರ, ಎರಡ್ ಕ್ಯಾನ್ ಹುಳಿ ಬಂದಿದ್ವು. ಸಾಹೇಬ್ರಿಗೆ ಆವಾಗ್ಲೇ ಹೇಳೀನಿ. ಅವರ ಬಂದು ನೋಡಿ ಹೋಗ್ಯಾರ."

"ಮತ್ತ?"

"ಮತ್ತೇನಿಲ್ರಿ."

ಕಾಲಿಗೆ ರೂಢಿಯಾಗಿತ್ತು, ಚೀಲ ಹೆಗಲಲ್ಲೇ ಇಟ್ಟುಕೊಂಡು ಸಾಹೇಬರ ಬಾಗಿಲಿಗೆ ಹೋಗಿ ನಿಂತೆ. ಅವರು ಉಂಡು ಡಬ್ಬಿ ಮುಚ್ಚುತ್ತಿದ್ದರು. ತಲೆ ಎತ್ತಿ ನೋಡಿದರು. ಮುಖ ಸಣ್ಣದಾಗಲಿಲ್ಲ.

"ಹೇಳಿ ಮೇಡಂ."

ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. "ಏನಿಲ್ರಿ ಸರ್, ಬಂದೀನಿ ಅಂತ ಹೇಳಾಕ ಬಂದೆ" ಎಂದು ತಿರುಗಿದೆ. ಕ್ಯಾನು ತೊಳೆಯುವ ಕಟ್ಟೆಯ ಹಿಂದೆ ಹೋಗಿ, ನಲ್ಲಿ ಬಿಟ್ಟು, ಅದರ ಸಪ್ಪಳದಲ್ಲಿ ಅತ್ತುಬಿಟ್ಟೆ. ಅಷ್ಟು ದಿನ ಎಲ್ಲರ ಕೇಡನ್ನೂ ಹೊತ್ತು ಆ ಬಾಗಿಲಿಗೆ ಹೋಗಿ ಹೋಗಿ ಎಷ್ಟು ದಣಿದಿದ್ದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಚಾಚಾ ಯಾವಾಗ ಬಂದು ನಿಂತಿದ್ದರೋ.

"ಯಾಕ ಬೇಟಾ, ಏನಾತು?"

"ಏನೂ ಆಗಿಲ್ಲ ಚಾಚಾ" ಎಂದೆ. "ಅದಕ್ಕ."